ಮೊಘಲರ ಚಿತ್ರಕ್ಕೆ ರೆಂಬ್ರಾಂಟ್ ಹಾಕಿದ ನೆರಳು

ರೆಂಬ್ರಾಂಟ್ ಭಾರತ ನೋಡಿದವನಲ್ಲ. ಆದರೂ ಅಬ್ರಹಾಮ ದೇವದೂತರನ್ನು ಸತ್ಕರಿಸುವ ಅವನ 1656ರ ಎಚಿಂಗ್ ನೋಡಿದಾಗಲೆಲ್ಲ ನನಗೆ ನಮ್ಮ ರಾಮಾಪುರದ ಕಡೆಯ ಜಗಲಿ ನೆನಪಾಗುತ್ತೆ. ದೇವರೂ ಇಬ್ಬರು ದೂತರೂ ನೆಲದ ಮೇಲೇ ಊಟಕ್ಕೆ ಕೂತಿದ್ದಾರೆ, ಮೇಜು ಕುರ್ಚಿ ಇಲ್ಲ! ಕಾರಣ ಇದೆ. ಮರದಡಿ ಕೂತ ನಾಲ್ವರು ಮುದುಕರ ಮೊಘಲ್ ಚಿತ್ರವೊಂದನ್ನು ಅವನು ನೋಡಿ ಬರೆದುಕೊಂಡಿದ್ದ. ಆ ಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಮೊಘಲ್ ಚಿತ್ರದಲ್ಲಿ ಎಲ್ಲರ ಮೇಲೂ ಒಂದೇ ಬೆಳಕು, ನೆರಳಿಗೆ ಕೆಲಸವಿಲ್ಲ. ಎಚಿಂಗ್ ಹಾಗಲ್ಲ. ತಾಮ್ರದ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿಟ್ಟರೆ ಗೀರಿದ್ದೆಲ್ಲ ಮಸಿ ಹಿಡಿದು ಕಪ್ಪಾಗಿ ಅಚ್ಚಾಗುತ್ತೆ. ಗೀರದೆ ಬಿಟ್ಟದ್ದೇ ಬೆಳಕು (ನಮ್ಮ ಸಾಫ್ಟ್‌ವೇರ್‌ನವರ ಭಾಷೆಯಲ್ಲಿ ಡಿಫಾಲ್ಟ್ ವ್ಯಾಲ್ಯೂ ಅನ್ನಿ). ಆ ಬೆಳಕನ್ನು ಅವನು ಅತಿಥಿಗಳಿಗೆ ಕೊಟ್ಟ, ಬಾಗಿಲ ಹಿಂದಿನ ಕತ್ತಲನ್ನು ಸಾರಳಿಗೆ. ಈ ವಯಸ್ಸಲ್ಲಿ ನಿನಗೆ ಮಗ ಹುಟ್ಟುತ್ತಾನೆ ಎಂಬ ಮಾತನ್ನು ಆ ಮುದುಕಿ ಅಲ್ಲಿಂದಲೇ ಕದ್ದು ಕೇಳುತ್ತಿದ್ದಾಳೆ.

ನನ್ನ ಕಣ್ಣು ನಿಲ್ಲುವುದು ಮಾತ್ರ ಇನ್ನೊಬ್ಬನ ಮೇಲೆ. ಬೈಬಲ್ಲಿನ ಈ ಪ್ರಸಂಗದಲ್ಲಿ ಹೆಸರೇ ಇಲ್ಲದ ಇಷ್ಮಾಯೇಲ, ದಾಸಿ ಹಾಗರಳ ಮಗ, ನಮಗೆ ಬೆನ್ನು ಹಾಕಿ ಗೋಡೆಯಾಚೆ ಬಾಣ ಬಿಡುತ್ತಿದ್ದಾನೆ. ಸಾರಳಿಗೆ ಮಗ ಹುಟ್ಟಿದ ಮೇಲೆ ಇವನನ್ನೂ ತಾಯಿಯನ್ನೂ ಮನೆಯಿಂದ ಅಟ್ಟಿಬಿಡುತ್ತಾರೆ. ಹುಡುಗನಿಗೆ ಇನ್ನೂ ಏನೂ ಕೇಳಿಸಿಲ್ಲ.