ಸಂಚಾರ ದಟ್ಟಣೆ ಮಾಪನ
ದಾರಿ ತೋರುವ ಆ್ಯಪ್‌ಗಳು ಮುಖ್ಯವಾಗಿ ವಾಹನಗಳನ್ನು ಎಣಿಸುವುದಿಲ್ಲ, ವೇಗವನ್ನು ಅಳೆಯುತ್ತವೆ. ಫೋನುಗಳು ಕಳಿಸುವ ಜಿಪಿಎಸ್ ಬಿಂದುಗಳನ್ನು ರಸ್ತೆಯ ತುಣುಕುಗಳಿಗೆ ಹೊಂದಿಸಿ, ಅಲ್ಲಿನ ವೇಗವನ್ನು ಅಡೆತಡೆಯಿಲ್ಲದ ಹೊತ್ತಿನ ವೇಗಕ್ಕೆ ಹೋಲಿಸಲಾಗುತ್ತದೆ. ಸಲೀಸಾದರೆ ಹಸಿರು, ನಿಧಾನವಾದರೆ ಕಿತ್ತಳೆ, ತೆವಳಿದರೆ ಕೆಂಪು. ಕಾರುಗಳ ನಡುವೆ ನುಸುಳುವ ಬೈಕು ಈ ಲೆಕ್ಕವನ್ನು ಕೆಡಿಸಬಲ್ಲದು. ಅದನ್ನು ಬೇರೆಯಾಗಿ ಗುರುತಿಸಬೇಕಾಗುತ್ತದೆ. ಬರ್ಲಿನ್‌ನ ಕಲಾವಿದ ಸೈಮನ್ ವೆಕರ್ಟ್ 99 ಫೋನುಗಳನ್ನು ಕೈಗಾಡಿಯಲ್ಲಿ ಎಳೆದು ಖಾಲಿ ಬೀದಿಯನ್ನು ಗೂಗಲ್ ನಕ್ಷೆಯಲ್ಲಿ ಕೆಂಪಾಗಿಸಿದ್ದು 2020ರಲ್ಲಿ ಸುದ್ದಿಯಾಯಿತು. ತಮಾಷೆಯಾದರೂ ವಿಧಾನದ ಮಿತಿಗೆ ಅದು ಒಳ್ಳೆಯ ಸಾಕ್ಷಿ. ಸಂಚಾರ ಮಾಹಿತಿ ಒದಗಿಸುವ ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಿತ್ತು. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಂಥ ಊರಿನ ಒಳದಾರಿಗಳ ಮಾತು ಬೇರೆ: ನಕ್ಷೆಯಲ್ಲಿ ಬಣ್ಣ ಕಾಣದಿದ್ದರೆ ದಾರಿ ಖಾಲಿ ಎಂದಲ್ಲ, ಮಾಹಿತಿ ಸಾಲದು ಎಂದರ್ಥ.