ಬೀದಿಯಲ್ಲಿ ಕಂಡ ನಡಿಗೆ

ರೋಗಿಯ ನಡಿಗೆಯನ್ನು ಪರೀಕ್ಷಿಸುವ ವಿದ್ಯೆ ಆಸ್ಪತ್ರೆಯಲ್ಲಿ ಹುಟ್ಟಿತೆಂದು ನಾವು ಭಾವಿಸುವುದು ಸಹಜ. ಪಾರ್ಕಿನ್ಸನ್ ಕಾಯಿಲೆಯ ಮಟ್ಟಿಗೆ ಅದರ ಮೊದಲ ಪಾಠಗಳು ದೊರೆತದ್ದು ಬೀದಿಯಲ್ಲಿ. ಲಂಡನ್ನಿನ ಹಾಕ್ಸ್‌ಟನ್ ಭಾಗದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ‘ನಡುಗುವ ಪಾರ್ಶ್ವವಾಯು’ವನ್ನು ಕುರಿತು ಒಂದು ಸಣ್ಣ ಪುಸ್ತಕ ಪ್ರಕಟಿಸಿದ. ಅದರಲ್ಲಿ ಬರುವ ರೋಗಿಗಳು ಆರೇ ಮಂದಿ. ಇಬ್ಬರು ದಾರಿಯಲ್ಲಿ ಎದುರಾದವರು. ಇನ್ನೊಬ್ಬನನ್ನು ಆತ ದೂರದಿಂದ ನೋಡಿದ್ದಷ್ಟೇ.

ಆ ದೂರದ ಮನುಷ್ಯನ ಚಿತ್ರ ಮರೆಯುವಂಥದಲ್ಲ. ಆತ ಓಡಬಲ್ಲ, ನಡೆಯಲಾರ. ಸೇವಕ ಎದುರು ನಿಂತು ಎರಡು ಹೆಗಲ ಮೇಲೂ ಕೈಯಿಟ್ಟಿರಬೇಕು. ಯಜಮಾನ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ತೂಗಾಡಿ, ಮೈ ಸಮತೋಲಕ್ಕೆ ಬಂದಿತೆನಿಸಿದಾಗ ಸೂಚನೆ ಕೊಡುವನು. ಸೇವಕ ಸರಕ್ಕನೆ ಸರಿದು ಮುಂದೋಡುವನು, ಇಪ್ಪತ್ತು ಹೆಜ್ಜೆಯಾಚೆ ಬೀಳಲಿರುವವನನ್ನು ಹಿಡಿದುಕೊಳ್ಳಲು. ಮುಟ್ಟಿ ನೋಡದೆ ಬರೆದದ್ದು ಇದು! ಗದ್ಯಪಾಠ ಹೇಳಿ ಬದುಕಿದ ನನಗೆ ಈ ವೈದ್ಯನ ಮೇಲೆ ತುಸು ಅಸೂಯೆಯೇ.

ಮುಂದೆ ಪ್ಯಾರಿಸ್ಸಿನ ಶಾರ್ಕೋ ಈ ಕಾಯಿಲೆಗೆ ಪಾರ್ಕಿನ್ಸನ್ನನ ಹೆಸರಿಟ್ಟ. 1967ರಲ್ಲಿ ಹೋನ್ ಮತ್ತು ಯಾರ್ ಎಂಬಿಬ್ಬರು ಐದು ಹಂತಗಳನ್ನು ಗುರುತಿಸಿದರು. ಸಮತೋಲ ಕೆಡುವುದು ಮೂರನೆಯದರ ಲಕ್ಷಣ. ಅದನ್ನು ತಿಳಿಯಲು ವೈದ್ಯರು ಮೊದಲೇ ಎಚ್ಚರಿಸಿ, ರೋಗಿಯ ಹಿಂದೆ ನಿಂತು ಹೆಗಲು ಹಿಡಿದು ಥಟ್ಟನೆ ಎಳೆಯುತ್ತಾರೆ. ಒಂದೆರಡು ಹೆಜ್ಜೆಯಲ್ಲಿ ಸಾವರಿಸಿಕೊಂಡರೆ ಚಿಂತೆಯಿಲ್ಲ. ವೃದ್ಧರಿಗಾಗಿ 1991ರಲ್ಲಿ ರೂಪುಗೊಂಡ ಇನ್ನೊಂದು ಪರೀಕ್ಷೆಯೂ ಇಲ್ಲಿ ಬಳಕೆಗೆ ಬಂದಿದೆ: ಕುರ್ಚಿಯಿಂದೆದ್ದು 3 ಮೀಟರ್ ನಡೆದು, ಮರಳಿ ಬಂದು ಕೂರಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸುವುದು.

ಇವೆಲ್ಲ ಬೇಕಾದವೇ. ಆದರೆ ಈ ಕಾಯಿಲೆ ಮೊದಲು ಕಸಿದುಕೊಳ್ಳುವುದು ಯೋಚಿಸದೆ ನಡೆಯುವ ಅಭ್ಯಾಸಬಲವನ್ನು. ಮನಸ್ಸಿಟ್ಟು ಹೆಜ್ಜೆಯಿಟ್ಟರೆ ನಡಿಗೆ ಕೊಂಚ ಹೊತ್ತು ಸುಧಾರಿಸುತ್ತದೆ. ವೈದ್ಯರ ಎದುರಿನಲ್ಲಿ ಮನಸ್ಸಿಡದವರು ಯಾರು? ನಮ್ಮಣ್ಣ ಅಲ್ಲಿ ಕವಾಯತು ಮಾಡುವವರಂತೆ ನಡೆದು ತೋರಿಸಿದರು. ಮನೆಗೆ ಬಂದರೆ ಅಡಿಗೆಮನೆಯ ಹೊಸಿಲ ಬಳಿ ಕಾಲು ನೆಲಕ್ಕೆ ಅಂಟಿಕೊಂಡಿತು. ಎರಡು ಸಲ ಬಿದ್ದರು. ಚೀಟಿಯಲ್ಲಿ ಮಾತ್ರ ನಡಿಗೆ ಸರಿಯಾಗಿತ್ತು. ಅತ್ತಿಗೆ ಹೊಸಿಲಿನ ಮುಂದೆ ರಂಗೋಲಿ ಪುಡಿಯಿಂದ ಅಡ್ಡಗೆರೆಗಳನ್ನೆಳೆದರು. ಅವನ್ನು ದಾಟುತ್ತ ಅಣ್ಣ ಸಲೀಸಾಗಿ ಒಳಗೆ ಬಂದರು.

ಮುಂದಿನ ಭೇಟಿಯಲ್ಲಿ ಅತ್ತಿಗೆ ಇದನ್ನೆಲ್ಲ ವಿವರಿಸಿದರು. ವೈದ್ಯರು ಅಂದು ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ‘ಹೊರಗೆ ಹೋಗಿ ಔಷಧಿ ತೆಗೆದುಕೊಳ್ಳಿ’ ಎಂದು ಅಣ್ಣನನ್ನು ಕಳಿಸಿ, ತಾವು ಎದ್ದು ಕಿಟಕಿಯ ಬಳಿ ನಿಂತರು.