ಆಫೀಸ್ ಕಂಪ್ಯೂಟರ್ ಕೆಟ್ಟರೂ ಫೈಲ್‌ಗಳು ಸರ್ವರ್‌ನಲ್ಲಿ ಸುರಕ್ಷಿತವೇ? ಇಲ್ಲಿದೆ ವಾಸ್ತವ

ಬೆಳಿಗ್ಗೆ ಆಫೀಸಿಗೆ ಬಂದು ನೋಡಿದರೆ ಕಂಪ್ಯೂಟರ್ ಆನ್ ಆಗುತ್ತಿಲ್ಲ. ಹಾರ್ಡ್ ಡಿಸ್ಕ್ ಹೋಗಿದೆ ಎನ್ನುತ್ತಾರೆ ಐಟಿಯವರು. "ಪರವಾಗಿಲ್ಲ, ಆಫೀಸ್ ಕಂಪ್ಯೂಟರ್ ಅಲ್ಲವೇ, ಎಲ್ಲವೂ ಸರ್ವರ್‌ನಲ್ಲಿ ಇರುತ್ತದೆ" ಎಂದು ನೀವು ಅಂದುಕೊಳ್ಳುತ್ತೀರಿ. ಇದು ನಿಜವೇ?

ನಂಬಿಕೆ 1: ಡೆಸ್ಕ್‌ಟಾಪ್‌ನಲ್ಲಿಟ್ಟ ಫೈಲ್ ತಾನಾಗಿಯೇ ಸರ್ವರ್‌ಗೆ ಹೋಗುತ್ತದೆ

ವಾಸ್ತವ: ಇಲ್ಲ. ಪ್ರತ್ಯೇಕ ವ್ಯವಸ್ಥೆ ಮಾಡದಿದ್ದರೆ ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎರಡೂ ನಿಮ್ಮ ಕಂಪ್ಯೂಟರಿನ ಸಿ ಡ್ರೈವ್‌ನಲ್ಲೇ ಇರುತ್ತವೆ. ಡಿಸ್ಕ್ ಕೆಟ್ಟರೆ ಅವೂ ಹೋದಂತೆಯೇ. ನೀವು ರಜೆಯಲ್ಲಿದ್ದಾಗ ಸಹೋದ್ಯೋಗಿಗಳಿಗೆ ಬೇಕಾದ ಫೈಲ್ ಕೂಡ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಶೇರ್ಡ್ ಡ್ರೈವ್ ಹಾಗಲ್ಲ. ಅದು ನಿಮ್ಮ ಪರದೆಯಲ್ಲಿ ಝಡ್ ಅಥವಾ ಇನ್ನಾವುದೋ ಅಕ್ಷರದಲ್ಲಿ ಕಂಡರೂ, ಫೈಲ್ ಇರುವುದು ಸರ್ವರ್‌ನಲ್ಲಿ.

ನಂಬಿಕೆ 2: ಸುತ್ತೋಲೆ ಹೊರಡಿಸಿದರೆ ಎಲ್ಲರೂ ಶೇರ್ಡ್ ಡ್ರೈವ್ ಬಳಸುತ್ತಾರೆ

ವಾಸ್ತವ: ಸೇವ್ ಒತ್ತಿದಾಗ ಯಾವ ಫೋಲ್ಡರ್ ಮೊದಲು ತೆರೆಯುತ್ತದೋ ಅಲ್ಲೇ ಸೇವ್ ಮಾಡುವುದು ನಮ್ಮೆಲ್ಲರ ರೂಢಿ. ಇದು ಸೋಮಾರಿತನವಲ್ಲ. ನೆಟ್‌ವರ್ಕ್ ನಿಧಾನ, ಫೋಲ್ಡರ್ ಒಳಗೆ ಫೋಲ್ಡರ್, ನನ್ನ ಕರಡನ್ನು ಬೇರೆಯವರು ನೋಡಿಬಿಟ್ಟರೆ ಎಂಬ ಅಳುಕು ಇವೂ ಸೇರಿಕೊಳ್ಳುತ್ತವೆ.

ಹಾಗಾಗಿ ಬದಲಾಯಿಸಬೇಕಾದದ್ದು ಜನರನ್ನಲ್ಲ, ಫೈಲ್ ಹೋಗಿ ಕೂರುವ ಜಾಗವನ್ನು. ವಿಂಡೋಸ್‌ನಲ್ಲಿ ಇದಕ್ಕೆ ಫೋಲ್ಡರ್ ರಿಡೈರೆಕ್ಷನ್ ಎಂಬ ಸೌಲಭ್ಯವಿದೆ. ಐಟಿ ವಿಭಾಗ ಇದನ್ನು ಗ್ರೂಪ್ ಪಾಲಿಸಿ ಮೂಲಕ ಎಲ್ಲ ಕಂಪ್ಯೂಟರ್‌ಗಳಿಗೂ ಒಟ್ಟಿಗೆ ಅಳವಡಿಸಬಹುದು. ನೀವು ಎಂದಿನಂತೆ ಡಾಕ್ಯುಮೆಂಟ್ಸ್‌ನಲ್ಲೇ ಸೇವ್ ಮಾಡುತ್ತೀರಿ, ಫೈಲ್ ಮಾತ್ರ ಸರ್ವರ್‌ನಲ್ಲಿ ಕೂರುತ್ತದೆ. ಲ್ಯಾಪ್‌ಟಾಪ್ ಹೊರಗೆ ಒಯ್ದಾಗಲೂ ಫೈಲ್ ಸಿಗುವಂತೆ ಆಫ್‌ಲೈನ್ ಫೈಲ್ಸ್ ಸೌಲಭ್ಯ ನೋಡಿಕೊಳ್ಳುತ್ತದೆ.

ಆದರೆ ಹೀಗೆ ಹೋದ ಫೈಲ್ ಸಾಮಾನ್ಯವಾಗಿ ನಿಮಗೊಬ್ಬರಿಗೇ ಕಾಣುತ್ತದೆ. ಹಲವರು ಸೇರಿ ಮಾಡುವ ಕೆಲಸಕ್ಕೆ ವಿಭಾಗದ ಫೋಲ್ಡರ್ ಬೇಕೇ ಬೇಕು. ಅದನ್ನು ಯಾರು ತೆರೆಯಬಹುದು ಎಂಬುದನ್ನು ಮೊದಲೇ ತಿಳಿಸಿದರೆ ಅಳುಕೂ ಕಡಿಮೆಯಾಗುತ್ತದೆ.

ನಂಬಿಕೆ 3: ಶೇರ್ಡ್ ಡ್ರೈವ್‌ನಲ್ಲಿ ಡಿಲೀಟ್ ಆದದ್ದು ರೀಸೈಕಲ್ ಬಿನ್‌ನಲ್ಲಿ ಸಿಗುತ್ತದೆ

ವಾಸ್ತವ: ನೆಟ್‌ವರ್ಕ್ ಡ್ರೈವ್‌ನಿಂದ ಅಳಿಸಿದ ಫೈಲ್ ಸಾಮಾನ್ಯವಾಗಿ ನಿಮ್ಮ ರೀಸೈಕಲ್ ಬಿನ್‌ಗೆ ಬರುವುದೇ ಇಲ್ಲ. ತಪ್ಪಿ ಅಳಿಸಿದರೆ ತಕ್ಷಣ ಐಟಿಯವರಿಗೆ ತಿಳಿಸಿ. ಸರ್ವರ್‌ನಲ್ಲಿ ಶ್ಯಾಡೋ ಕಾಪಿ ವ್ಯವಸ್ಥೆ ಇದ್ದರೆ ಹಳೆಯ ಪ್ರತಿ ಸಿಗಬಹುದು.

ನಂಬಿಕೆ 4: ಶೇರ್ಡ್ ಡ್ರೈವ್ ಇದ್ದರೆ ಬ್ಯಾಕಪ್ ಬೇಡ

ವಾಸ್ತವ: ಇದು ಅಪಾಯಕಾರಿ ನಂಬಿಕೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವನ್ನಾಕ್ರೈ, ಕಂಪ್ಯೂಟರಿನ ಫೈಲ್‌ಗಳ ಜೊತೆಗೆ ಅದಕ್ಕೆ ಜೋಡಿಸಿದ ನೆಟ್‌ವರ್ಕ್ ಡ್ರೈವ್‌ಗಳ ಫೈಲ್‌ಗಳನ್ನೂ ಲಾಕ್ ಮಾಡಬಲ್ಲದಾಗಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಅದರಿಂದ ತೊಂದರೆಗೆ ಸಿಲುಕಿದ್ದವು. ಆದ್ದರಿಂದ ತಜ್ಞರು ಹೇಳುವ 3-2-1 ಸೂತ್ರ ನೆನಪಿಡಿ: ಒಟ್ಟು 3 ಪ್ರತಿ, 2 ಬಗೆಯ ಸಾಧನಗಳಲ್ಲಿ, 1 ಪ್ರತಿ ಬೇರೆ ಸ್ಥಳದಲ್ಲಿ.

ನೀವು ಇಂದೇ ಮಾಡಬಹುದಾದದ್ದು

ಡೆಸ್ಕ್‌ಟಾಪ್‌ನಲ್ಲಿರುವ ಒಂದು ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ಲೊಕೇಶನ್ ಎಂಬಲ್ಲಿ ನೋಡಿ. ಅಲ್ಲಿ ಸಿ ಡ್ರೈವ್ ಎಂದಿದ್ದರೆ "ಇದರ ಬ್ಯಾಕಪ್ ಆಗುತ್ತಿದೆಯೇ?" ಎಂದು ಐಟಿಯವರನ್ನು ಕೇಳಿ. ಉತ್ತರ 'ಇಲ್ಲ' ಎಂದಾದರೆ ಮುಖ್ಯ ಫೈಲ್‌ಗಳನ್ನು ಇಂದೇ ಶೇರ್ಡ್ ಡ್ರೈವ್‌ಗೆ ಹಾಕಿ. ನಿಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೂ ಇದನ್ನು ಕಳುಹಿಸಿ.